ಕ್ಯೂನಲ್ಲಿ ನಿಂತವರನ್ನು ಕುಣಿತಕ್ಕೆ ಎಳೆಯುವುದು ಹೇಗೆ?

ಪ್ರಶ್ನೆ: ನಾನು ತುಮಕೂರಿನವಳು. ಬೆಂಗಳೂರಿನಲ್ಲಿ ಜಪಾನೀಸ್ ಕಲಿತು, ನಗೋಯಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಈಗ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಒಂದು ಸಣ್ಣ ಊರಿನಲ್ಲಿದ್ದೇನೆ. ಇಲ್ಲೊಂದು ಜಪಾನ್ ಸ್ನೇಹ ಸಂಘ ಇದೆ. ಓಡಾಡಿ ಕೆಲಸ ಮಾಡುವವರು ಹತ್ತು ಹನ್ನೆರಡು ಜನ, ಅವರಲ್ಲಿ ಜಪಾನಿಯರು ಮೂವರು. ವರ್ಷಕ್ಕೊಮ್ಮೆ 'ಜಪಾನ್ ದಿನ' ಮಾಡುತ್ತೇವೆ. ಜನ ಬರುತ್ತಾರೆ, ಸುಶಿಗೆ ಕ್ಯೂ ನಿಲ್ಲುತ್ತಾರೆ, ಕಿಮೊನೊ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಒಂದು ಗಂಟೆಯಲ್ಲಿ ಹೊರಟುಬಿಡುತ್ತಾರೆ. ಮುಂದಿನ ವರ್ಷದ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಬೇರೆ ಥರ ಮಾಡುವುದು ಹೇಗೆ? ಕಾಮಿಕ್ಸ್, ಕಾರ್ಟೂನ್ ಪಾತ್ರಗಳ ವೇಷ ಹಾಕುವ ಕಾಸ್‌ಪ್ಲೇ ಹಿರಿಯ ಸದಸ್ಯರಿಗೆ ಬೇಡ, ಹುಡುಗರಿಗೆ ಅದೇ ಬೇಕು. ಇನ್ನೊಂದು ಸಂಕೋಚವೂ ಇದೆ. ನಾನು ಜಪಾನಿನವಳಲ್ಲ. ಜಪಾನಿನ ಸಂಸ್ಕೃತಿಯನ್ನು ಆಸ್ಟ್ರೇಲಿಯಾದವರಿಗೆ ತೋರಿಸೋಕೆ ಕನ್ನಡದವಳು ಮುಂದೆ ನಿಲ್ಲುವುದು ಸರಿಯಾ?

ಉತ್ತರ: ನಿಮ್ಮ ಪತ್ರದಲ್ಲಿ ಕಿಮೊನೊ ಕ್ಯೂ ಅಂತ ಓದಿದ ಕೂಡಲೇ ನನ್ನದೇ ಒಂದು ಎಡವಟ್ಟು ನೆನಪಾಯಿತು. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ನಮ್ಮ ಜಪಾನೀಸ್ ತರಗತಿಯವರೆಲ್ಲ ಸೇರಿ ಬೆಂಗಳೂರಿನ ಒಂದು ಹಾಲ್‌ನಲ್ಲಿ ಕಾರ್ಯಕ್ರಮ ಮಾಡಿದ್ದೆವು. ಯುಕಾತಾ ಉಡಿಸುವ ಕೆಲಸ ನನ್ನ ಪಾಲಿಗೆ ಬಂತು. ಯುಕಾತಾ ಅಂದರೆ ಬೇಸಿಗೆಯ ಹತ್ತಿ ಕಿಮೊನೊ ಅಂತ ನಿಮಗೆ ಹೇಳಬೇಕಿಲ್ಲ, ಉಳಿದ ಓದುಗರಿಗೆ ಹೇಳುತ್ತಿದ್ದೇನೆ. ಇದ್ದದ್ದು ನಾಲ್ಕು ಯುಕಾತಾ, ಸಾಲಿನಲ್ಲಿ ಅರವತ್ತು ಜನ. ಒಬ್ಬೊಬ್ಬರಿಗೆ ಎರಡು ನಿಮಿಷ. ಆ ಅವಸರದಲ್ಲಿ ಒಬ್ಬ ಹುಡುಗಿಗೆ ಬಲಗಡೆಯ ಅಂಚು ಮೇಲೆ ಬರುವ ಹಾಗೆ ಸುತ್ತಿಬಿಟ್ಟೆ. ಉಟ್ಟವರ ಎಡಗಡೆಯ ಅಂಚು ಮೇಲೆ ಬರಬೇಕು. ಬಲಗಡೆಯದು ಮೇಲೆ ಬರುವ ಹಾಗೆ ಉಡಿಸುವುದು ಹೆಣಕ್ಕೆ.

ಪಕ್ಕದಲ್ಲೇ ಕೂತಿದ್ದ ಒಬ್ಬ ಜಪಾನಿ ಅಜ್ಜಿ ಏನೂ ಅನ್ನಲಿಲ್ಲ. ಎದ್ದು ಬಂದು, ಸೊಂಟದ ಪಟ್ಟಿ ಬಿಚ್ಚಿ, ಮೊದಲಿನಿಂದ ಉಡಿಸಿದರು. ಹುಡುಗಿ ಯಾಕೆ ಅಂತ ಕೇಳಿದಳು. ಅಜ್ಜಿ ಹರಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದರು. ಹಿಂದೆ ನಿಂತಿದ್ದ ಮೂರ್ನಾಲ್ಕು ಜನ ಕ್ಯೂ ಬಿಟ್ಟು ಸುತ್ತ ಸೇರಿದರು. ಒಬ್ಬಾಕೆ ತಾನೇ ಪಟ್ಟಿ ಕಟ್ಟಿ ನೋಡುತ್ತೇನೆ ಅಂದಳು. ಆ ಇಡೀ ದಿನದಲ್ಲಿ ಯಾರಾದರೂ ಜಪಾನಿನ ಬಗ್ಗೆ ಏನಾದರೂ ಕಲಿತಿದ್ದರೆ, ನನ್ನ ತಪ್ಪಿನಿಂದ ಹುಟ್ಟಿದ ಆ ಐದು ನಿಮಿಷದಲ್ಲಿ ಕಲಿತರು. ಮಿಕ್ಕ ಐವತ್ತೈದು ಜನಕ್ಕೆ ಫೋಟೊ ಸಿಕ್ಕಿತು, ಅಷ್ಟೇ.

ಹಾಗಾಗಿ ನಿಮ್ಮ ಜಪಾನ್ ದಿನದಲ್ಲಿ ಸುಶಿಯ ತಪ್ಪೂ ಇಲ್ಲ, ಕಿಮೊನೊದ ತಪ್ಪೂ ಇಲ್ಲ. ಬಂದವರಿಗೆ ಅಲ್ಲಿ ಕೆಲಸ ಇಲ್ಲ. ನಮ್ಮ ಮದುವೆ ಮನೆ ನೆನಪು ಮಾಡಿಕೊಳ್ಳಿ. ಊಟಕ್ಕೆ ಅಂತ ಬಂದವರು ಉಂಡು, ತಾಂಬೂಲ ತಗೊಂಡು ಹೋಗುತ್ತಾರೆ. ಪಂಕ್ತಿಯಲ್ಲಿ ಬಡಿಸೋಕೆ ನಿಂತವರಿಗೆ ಆ ಮದುವೆ ವರ್ಷಗಟ್ಟಲೆ ನೆನಪಿರುತ್ತದೆ. ಬಂದವರ ಕೈಗೆ ಒಂದು ಸೌಟು ಕೊಡುವುದು ಹೇಗೆ ಅನ್ನುವುದೊಂದನ್ನೇ ಯೋಚಿಸಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ತಾನಾಗಿ ತೀರ್ಮಾನವಾಗುತ್ತದೆ.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದೆ ನಿಲ್ಲುವುದು ಬೋನ್ ಓದೋರಿ, ಅಂದರೆ ಓಬೋನ್ ಹಬ್ಬದ ಕುಣಿತ. ಓಬೋನ್ ಆಗಸ್ಟ್ ನಡುವಿನ ಹಬ್ಬ. ಸತ್ತ ಹಿರಿಯರು ಆ ದಿನಗಳಲ್ಲಿ ಮನೆಗೆ ಬಂದು ಹೋಗುತ್ತಾರೆ ಅನ್ನುವ ನಂಬಿಕೆ. ನಮ್ಮ ಮಹಾಲಯ ಅಮಾವಾಸ್ಯೆಗೆ ಊರವರೆಲ್ಲ ಸೇರಿ ಕುಣಿದರೆ ಹೇಗಿರುತ್ತೆ, ಹಾಗೆ ಅಂದುಕೊಳ್ಳಿ. ಬಯಲಿನ ನಡುವೆ ಯಾಗುರಾ ಅನ್ನುವ ಮರದ ಅಟ್ಟ. ಅದರ ಮೇಲೆ ಡೋಲು. ಸುತ್ತಲೂ ಜನ ವೃತ್ತದಲ್ಲಿ ಕುಣಿಯುತ್ತಾರೆ. ಹೆಜ್ಜೆ ಗೊತ್ತಿಲ್ಲದಿದ್ದರೆ ಮುಂದಿನವರ ಬೆನ್ನು ನೋಡಿಕೊಂಡು ಕುಣಿದರಾಯಿತು. ನಾಲ್ಕು ಸುತ್ತು ಬರುವಷ್ಟರಲ್ಲಿ ಹಿಂದಿನವರಿಗೆ ನೀವೇ ಮೇಷ್ಟ್ರು.

ಮೊದಲ ಹಾಡಾಗಿ ತಾಂಕೋ ಬುಶಿ ಇಟ್ಟುಕೊಳ್ಳಿ. ಅದು ಫುಕುಓಕಾ ಕಡೆಯ ಕಲ್ಲಿದ್ದಲು ಗಣಿ ಕೆಲಸಗಾರರ ಹಾಡು. ಕುಣಿತದ ಪ್ರತಿ ಸನ್ನೆಯೂ ಒಂದು ಕೆಲಸ. ಅಗೆ, ಅಗೆ. ಮೂಟೆಯನ್ನು ಹೆಗಲ ಮೇಲೆ ಹಾಕು. ಕೈ ಹಣೆಗೆ ಇಟ್ಟು ಹಿಂದಕ್ಕೆ ತಿರುಗಿ ನೋಡು. ಬಂಡಿ ತಳ್ಳು, ತಳ್ಳು. ಹೀಗೆ ಹೇಳಿಕೊಟ್ಟರೆ ಐದು ವರ್ಷದ ಮಗುವಿಗೂ ಬರುತ್ತದೆ, ಎಪ್ಪತ್ತರ ರೈತರಿಗೂ ಬರುತ್ತದೆ. ಕಾಲು ನೋವಿನವರು ಕುರ್ಚಿಯಲ್ಲೇ ಕೂತು ಕೈಯಷ್ಟು ಆಡಿಸಬಹುದು. ನಿಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಗಳ ಊರುಗಳು ಎಷ್ಟೊಂದಿವೆ! ನಿಮ್ಮ ಸುತ್ತಮುತ್ತ ಗಣಿಯಲ್ಲಿ ದುಡಿದ ತಾತಂದಿರು ಇದ್ದರೆ ಅವರನ್ನೇ ಮೊದಲು ಕರೆಯಿರಿ. ಸನ್ನೆ ಸರಿಯಿದೆಯಾ ಅಂತ ಅವರನ್ನೇ ಕೇಳಿ. ಅವರು ಖಂಡಿತ ಏನಾದರೂ ತಪ್ಪು ಹುಡುಕುತ್ತಾರೆ, ಅಲ್ಲಿಂದ ಮಾತು ಶುರುವಾಗುತ್ತದೆ.

ಇದು ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು ಅನ್ನುವುದಕ್ಕೆ ಮಲೇಷ್ಯಾ ನೋಡಿ. ಕ್ವಾಲಾಲಂಪುರದ ಪಕ್ಕದ ಶಾ ಆಲಂನಲ್ಲಿ ನಡೆಯುವ ಬೋನ್ ಓದೋರಿಗೆ ಹತ್ತಾರು ಸಾವಿರ ಜನ ಸೇರುತ್ತಾರೆ. ಅಲ್ಲಿದ್ದ ಜಪಾನಿ ಕುಟುಂಬಗಳು 1977ರಲ್ಲಿ ತಮ್ಮ ಮಕ್ಕಳಿಗೆ ಊರಿನ ನೆನಪಿರಲಿ ಅಂತ ಶುರು ಮಾಡಿದ್ದು ಅದು. ಈಗ ಬಂದು ಕುಣಿಯುವವರಲ್ಲಿ ಹೆಚ್ಚಿನವರು ಮಲೇಷ್ಯಾದವರೇ. 2022ರಲ್ಲಿ ಅಲ್ಲಿನ ಒಬ್ಬ ಸಚಿವರು ಇದರಲ್ಲಿ ಬೇರೆ ಧರ್ಮದ ಅಂಶ ಇದೆ, ಮುಸ್ಲಿಮರು ಹೋಗಬಾರದು ಅಂದರು. ಸೆಲಾಂಗೂರ್‌ನ ಸುಲ್ತಾನರು ಹಬ್ಬ ನಡೆಯಲಿ ಅಂದರು. ಆ ವರ್ಷ ಜನ ಜಾಸ್ತಿಯೇ ಬಂದರು. ಇದನ್ನು ಯಾಕೆ ಹೇಳಿದೆ ಅಂದರೆ, 'ಇದು ಪೂಜೆಯಾ?' ಅಂತ ನಿಮ್ಮ ಊರಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಮುಚ್ಚಿಡಬೇಡಿ. ಹಿರಿಯರ ನೆನಪಿನ ಹಬ್ಬದಿಂದ ಬಂದ ಕುಣಿತ, ಇವತ್ತು ಊರವರು ಸೇರುವ ನೆಪ ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೇಕಾದವರು ಅವತ್ತು ತಮ್ಮ ಮನೆಯ ಹಿರಿಯರನ್ನೂ ನೆನೆಯಲಿ.

ಬೆಳಿಗ್ಗೆ ಕಾರ್ಯಕ್ರಮ ಶುರು ಮಾಡುವುದು ಹೇಗೆ ಅಂತ ಯೋಚಿಸುತ್ತಿದ್ದರೆ, ಭಾಷಣ ಬಿಟ್ಟು ರೇಡಿಯೊ ತೈಸೋ ಹಾಕಿ. 1928ರಲ್ಲಿ ಜಪಾನಿನ ರೇಡಿಯೊದಲ್ಲಿ ಶುರುವಾದ ವ್ಯಾಯಾಮ ಅದು, ಈಗಿರುವ ರೂಪ 1951ರದ್ದು. ಪಿಯಾನೊ ಸಂಗೀತಕ್ಕೆ ಮೂರು ನಿಮಿಷ ಕೈಕಾಲು ಆಡಿಸುವುದು. ಜಪಾನಿನಲ್ಲಿ ಬೇಸಿಗೆ ರಜೆಯ ಬೆಳಿಗ್ಗೆ ಮಕ್ಕಳು ಕತ್ತಿಗೆ ಕಾರ್ಡ್ ನೇತುಹಾಕಿಕೊಂಡು ಬಂದು, ವ್ಯಾಯಾಮ ಮುಗಿಸಿ ಮುದ್ರೆ ಹಾಕಿಸಿಕೊಂಡು ಹೋಗುವುದನ್ನು ನೀವೂ ನೋಡಿರುತ್ತೀರಿ. ಅದೇ ಕಾರ್ಡ್ ಇಲ್ಲೂ ಮಾಡಿ. ಕಿಮೊನೊಗಿಂತ ಈ ಮುದ್ರೆಯಲ್ಲಿ ನಿಜವಾದ ಜಪಾನ್ ಜಾಸ್ತಿ ಇದೆ ಅಂತ ನನ್ನ ಅಭಿಪ್ರಾಯ. ಚಹಾ ವಿಧಿಯನ್ನು ವೇದಿಕೆ ಮೇಲೆ ಮಾಡಿ ಇನ್ನೂರು ಜನಕ್ಕೆ ತೋರಿಸುವುದನ್ನಂತೂ ಬಿಟ್ಟುಬಿಡಿ. ಅದು ನಾಲ್ಕೈದು ಜನ ಒಂದು ಕೋಣೆಯಲ್ಲಿ ಕೂರುವ ವಿಷಯ. ದೂರದಿಂದ ನೋಡಿದರೆ ಯಾರೋ ತುಂಬಾ ನಿಧಾನವಾಗಿ ಪಾತ್ರೆ ಒರೆಸುತ್ತಿದ್ದಾರೆ ಅನಿಸುತ್ತದೆ, ಅಷ್ಟೇ.

ಊಟದ ವಿಷಯಕ್ಕೆ ಬರೋಣ. ಸುಶಿ ಕ್ಯೂ ತೆಗೆದು ಒನಿಗಿರಿ ಮೇಜು ಹಾಕಿ. ಒನಿಗಿರಿ ಅಂದರೆ ಕೈಯಲ್ಲಿ ಒತ್ತಿ ಮಾಡುವ ಅನ್ನದ ಉಂಡೆ. ಬಿಸಿ ಅನ್ನ, ಉಪ್ಪು, ನಡುವೆ ಇಡಲು ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು ಉಮೆಬೊಶಿಯೋ ಕಡಲ ಪಾಚಿ ಕೊಂಬುವೋ, ಸುತ್ತೋಕೆ ಒಣ ಪಾಚಿಯ ನೋರಿ ಹಾಳೆ. ಪ್ಲಾಸ್ಟಿಕ್ ಹಾಳೆಯೊಳಗೆ ಅನ್ನ ಇಟ್ಟು ಒತ್ತಿದರೆ ಶುಚಿತ್ವದ ಚಿಂತೆಯೂ ಕಡಿಮೆ. ಹಸಿ ಮೀನಿನ ತಲೆನೋವು ಇಲ್ಲ. ಇದು ಸುಲಭ ಅಂತ ಜನ ಅಂದುಕೊಳ್ಳುತ್ತಾರೆ. ಜಾಸ್ತಿ ಒತ್ತಿದರೆ ಮುದ್ದೆ, ಒತ್ತದಿದ್ದರೆ ಉದುರು. ಮೂರು ಮೂಲೆ ಬರೋಕೆ ಅಂಗೈಯನ್ನು ಹೇಗೆ ಮಡಿಸಬೇಕು ಅನ್ನುವುದು ಮೂರನೇ ಒನಿಗಿರಿಯ ಹೊತ್ತಿಗೆ ತಿಳಿಯುತ್ತದೆ. ಜಪಾನಿನ ಮಕ್ಕಳಿಗೆ ಅಮ್ಮನ ಒನಿಗಿರಿ ಅಂದರೆ ನಮಗೆ ಅಜ್ಜಿಯ ಕೈತುತ್ತು ಇದ್ದ ಹಾಗೆ. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ. ಅನ್ನ ಬಿಸಿಯಿರುವಾಗಲೇ ಒತ್ತಬೇಕಲ್ಲ, ಅಂಗೈ ಚುರ್ ಅಂದಾಗ ನಾಟುತ್ತದೆ.

ಇನ್ನೊಂದು ಮಾತು. ಯಾವ ತಿಂಡಿಯಲ್ಲಿ ಏನಿದೆ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ. ತರಕಾರಿ ಸೂಪ್ ಅಂತ ಕೊಟ್ಟರೂ ಅದಕ್ಕೆ ಹಾಕುವ ದಾಶಿ ಅನ್ನುವ ಸಾರಿನಲ್ಲಿ ಹೆಚ್ಚಾಗಿ ಒಣ ಮೀನಿರುತ್ತದೆ. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಅಡುಗೆಗೆ ಹಾಕುವ ಸಿಹಿ ಮಿರಿನ್‌ನಲ್ಲಿ ಮದ್ಯ ಇರುತ್ತದೆ. ನಗೋಯಾದಲ್ಲಿ ಸಸ್ಯಾಹಾರ ಹುಡುಕಿ ಒದ್ದಾಡಿದ್ದರೆ ಈ ಪಟ್ಟಿ ನಿಮಗೆ ಬಾಯಿಪಾಠ ಇರುತ್ತದೆ. ಕೊಂಬು ಮತ್ತು ಒಣ ಶೀತಾಕೆ ಅಣಬೆ ನೆನೆಸಿದ ದಾಶಿ ಮಾಡಿದರೆ ಎಲ್ಲರೂ ಕುಡಿಯಬಹುದು. ಅದು ಹೊಂದಾಣಿಕೆಯ ಅಡುಗೆಯೂ ಅಲ್ಲ. ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆ ನಡೆಯುವುದೇ ಅದರ ಮೇಲೆ. ಅಂಟಕ್ಕಿಯ ಅನ್ನ ಕುಟ್ಟಿ ಮೋಚಿ ಅನ್ನುವ ಉಂಡೆ ಮಾಡುವ ಆಸೆ ಇದ್ದರೆ ಒಂದು ವರ್ಷ ತಡೆಯಿರಿ. ಒರಳು, ಕೊಡತಿ, ಲಯ ಗೊತ್ತಿರುವ ಇಬ್ಬರು ಬೇಕು. ಅಂಟುವ ಮೋಚಿ ಗಂಟಲಿಗೆ ಸಿಕ್ಕಿಕೊಂಡು ಜಪಾನಿನಲ್ಲೇ ಹೊಸವರ್ಷದ ಹೊತ್ತಿಗೆ ವಯಸ್ಸಾದವರು ಸಾಯುವುದುಂಟು.

ಈಗ ನಿಮ್ಮ ಸಂಕೋಚಕ್ಕೆ ಬರುತ್ತೇನೆ. ಕನ್ನಡದವಳು ಮುಂದೆ ನಿಲ್ಲಬಹುದಾ?

2015ರಲ್ಲಿ ಬೋಸ್ಟನ್‌ನ ಕಲಾ ಸಂಗ್ರಹಾಲಯವೊಂದರಲ್ಲಿ ಇದೇ ಪ್ರಶ್ನೆ ದೊಡ್ಡ ಗಲಾಟೆಯಾಯಿತು. ಫ್ರಾನ್ಸಿನ ಚಿತ್ರಕಾರ ಕ್ಲೋಡ್ ಮೊನೆ 1876ರಲ್ಲಿ ಬರೆದ, ಕಿಮೊನೊ ಉಟ್ಟ ತನ್ನ ಹೆಂಡತಿಯ ಚಿತ್ರ ಅಲ್ಲಿದೆ. ಅದರ ಮುಂದೆ ಅಂಥದ್ದೇ ಕಿಮೊನೊ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಿ ಅಂತ ಬುಧವಾರ ಸಂಜೆಗಳಲ್ಲಿ ಕರೆದಿದ್ದರು. ಏಷ್ಯಾ ಮೂಲದ ಕೆಲವು ಯುವಜನ ಬಂದು ಪ್ರತಿಭಟಿಸಿದರು. ಅವರಿಗೆ ಎದುರಾಗಿ, ಉಡಲಿ ಬಿಡಿ ಅಂತ ಕಿಮೊನೊ ಉಟ್ಟುಕೊಂಡೇ ಬಂದ ಜಪಾನಿ ಮಹಿಳೆಯರೂ ಇದ್ದರು. ಕೊನೆಗೆ ಮುಟ್ಟಿ ನೋಡಬಹುದು, ಉಡುವಂತಿಲ್ಲ ಅಂತ ಬದಲಾಯಿಸಿದರು. ನನಗೆ ಎರಡೂ ಕಡೆಯವರ ಮಾತು ಅರ್ಧರ್ಧ ಸರಿ ಅನಿಸುತ್ತದೆ. ಬೇರೆಯವರು ಕಿಮೊನೊ ಉಟ್ಟರೆ ಸಾಮಾನ್ಯವಾಗಿ ಜಪಾನಿಯರಿಗೆ ಬೇಜಾರಿಲ್ಲ, ಸಂತೋಷವೇ. ಆದರೆ ಫೋಟೊಗೆ ಅಂತ ಒಂದು ನಿಮಿಷ ಹೆಗಲಿಗೆ ಹಾಕಿ ತೆಗೆದರೆ ಅದು ವೇಷವಾಗುತ್ತದೆ. ಉಡುವುದನ್ನು ಕಲಿಸಿದರೆ ಬಟ್ಟೆಯಾಗುತ್ತದೆ. ಹಾಗಾಗಿ ನಿಮ್ಮ ಕಿಮೊನೊ ಮೂಲೆ ಇರಲಿ, ಆದರೆ ಗಂಟೆಗೆ ಆರೇ ಜನ. ಮೊದಲೇ ಹೆಸರು ಬರೆಸಿಕೊಳ್ಳಿ. ಅವರೇ ಉಡಬೇಕು, ಅವರೇ ಬಿಚ್ಚಬೇಕು, ಅವರೇ ಮಡಿಸಿ ಇಡಬೇಕು. ಮಡಿಸುವುದರಲ್ಲೇ ಅರ್ಧ ಪಾಠ ಇದೆ. ಸೀರೆ ಮಡಿಸಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಇನ್ನು 'ಅಪ್ಪಟ' ಅನ್ನುವ ಮಾತಿಗೆ ಜಾಸ್ತಿ ಹೆದರಬೇಡಿ. ಎಲ್ಲ ಜಪಾನ್ ಹಬ್ಬಗಳಲ್ಲೂ ತೈಕೋ, ಅಂದರೆ ಜಪಾನಿ ಡೋಲಿನ ತಂಡ ಬರುತ್ತದಲ್ವಾ? ಡೋಲು ಹಳೆಯದು. ಆದರೆ ವೇದಿಕೆ ಮೇಲೆ ಹತ್ತು ಹನ್ನೆರಡು ಜನ ಸೇರಿ ಬಾರಿಸುವ ಆ ರೀತಿ 1951ರಲ್ಲಿ ನಾಗಾನೋ ಪ್ರಾಂತ್ಯದ ಸುವಾದಲ್ಲಿ ಒಗುಚಿ ದೈಹಾಚಿ ಅನ್ನುವವರು ಕಟ್ಟಿದ್ದು. ಅವರು ಜಾಜ್ ಡ್ರಮ್ಮರ್. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೈಕೋ ಶಾಲೆ ಶುರುವಾಯಿತು, ಅಲ್ಲಿಂದ ಅಮೆರಿಕದ ತುಂಬ ಹರಡಿತು. ಜಾಜ್ ಡ್ರಮ್ಮರ್ ಕಟ್ಟಿದ್ದು ಇವತ್ತು ಸಾವಿರ ವರ್ಷದ ಸಂಪ್ರದಾಯದ ಹಾಗೆ ಕಾಣುತ್ತದೆ ಅಂದರೆ, ನಗೋಯಾದಲ್ಲಿ ನಾಲ್ಕು ವರ್ಷ ಅಕ್ಕಿ ತೊಳೆದ ನಿಮಗೆ ಒನಿಗಿರಿ ಕಲಿಸುವ ಹಕ್ಕಿಲ್ಲ ಅಂತ ಯಾರು ಹೇಳುತ್ತಾರೆ? ಬೆಂಗಳೂರಿನಲ್ಲಿ 2005ರಿಂದ ನಡೆಯುತ್ತಿರುವ ಹಬ್ಬಕ್ಕೆ ಹೆಸರೇ 'ಜಪಾನ್ ಹಬ್ಬ'. ನಮ್ಮ ಪದ, ಅವರ ದೇಶ. ಜಪಾನೀಸ್ ಕಲಿತ ಇಲ್ಲಿನವರೂ, ಇಲ್ಲಿ ನೆಲೆಸಿರುವ ಜಪಾನಿಯರೂ ಸೇರಿ ನಡೆಸುತ್ತಾರೆ.

ಒಂದು ಎಚ್ಚರಿಕೆ ಇದೆ. ನಿಮಗೆ ತಿಳಿದದ್ದನ್ನು ತಿಳಿದ ಹಾಗೆ ಹೇಳಿ. 'ಜಪಾನಿಯರು ಹೀಗೆ' ಅಂತ ಶುರುವಾಗುವ ವಾಕ್ಯ ಬಾಯಿಗೆ ಬಂದರೆ ನುಂಗಿಬಿಡಿ. 'ನಗೋಯಾದಲ್ಲಿ ನಮ್ಮ ಪಕ್ಕದ ಮನೆಯವರು ಹೀಗೆ ಮಾಡುತ್ತಿದ್ದರು' ಅನ್ನಿ. ಅದು ನಿಮ್ಮದೇ ಮಾತು, ಅದರಲ್ಲಿ ತಪ್ಪು ಹುಡುಕುವವರು ಯಾರು?

ಕನ್ನಡದವರು ಅನ್ನುವುದನ್ನೇ ಉಪಯೋಗಕ್ಕೆ ತರುವ ಒಂದು ಜಾಗವೂ ಇದೆ. ಮಾರ್ಚ್ 3 ಹಿನಾಮತ್ಸುರಿ, ಹೆಣ್ಣುಮಕ್ಕಳ ಗೊಂಬೆ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು. ಪೂರ್ತಿ ಜೋಡಿಸಿದರೆ ಏಳು ಮೆಟ್ಟಿಲು, ಹದಿನೈದು ಗೊಂಬೆ. ತುದಿಯಲ್ಲಿ ಅರಸ, ಅರಸಿ. ಕೆಳಗೆ ಮೂವರು ಸಖಿಯರು, ಐವರು ವಾದ್ಯದವರು, ಇಬ್ಬರು ಮಂತ್ರಿಗಳು, ಮೂವರು ಆಳುಗಳು. ಹೆಣ್ಣುಮಗು ಹುಟ್ಟಿದರೆ ಎಷ್ಟೋ ಕಡೆ ತಾಯಿಯ ತವರಿನವರು ಗೊಂಬೆ ತಂದುಕೊಡುತ್ತಾರೆ. ಹಬ್ಬ ಮುಗಿದ ಮೇಲೆ ಬೇಗ ಎತ್ತಿಡದಿದ್ದರೆ ಹುಡುಗಿಯ ಮದುವೆ ತಡವಾಗುತ್ತದೆ ಅಂತ ಒಂದು ಹೆದರಿಕೆ. ಇದನ್ನೆಲ್ಲ ಓದುತ್ತಾ ನಿಮ್ಮ ಅಮ್ಮನ ಮನೆಯ ದಸರಾ ಗೊಂಬೆ ಕಣ್ಣ ಮುಂದೆ ಬರಲಿಲ್ವಾ? ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆ ಜೋಡಿ ನಿಮ್ಮ ಸೂಟ್‌ಕೇಸಿನಲ್ಲಿ ಬಂದಿದ್ದರೆ, ಅದನ್ನು ಬೇರೆ ಮೇಜಿನ ಮೇಲೆ ಇಡಿ. ಹಿನಾ ಮೆಟ್ಟಿಲ ಮೇಲೆ ಮಾತ್ರ ಇಡಬೇಡಿ, ಎರಡೂ ಕಲಸುಮೇಲೋಗರ ಆಗುತ್ತದೆ. ಅವತ್ತು ಬಂದ ಮಕ್ಕಳಿಗೆ ಕಾಗದದ ಗೊಂಬೆ ಮಾಡಿಸಿ. ದೊಡ್ಡವರು ಆ ಎರಡು ಜೋಡಿಗಳ ನಡುವೆ ನಿಂತು ತಮ್ಮ ಅಜ್ಜಿಯರ ಗೊಂಬೆಗಳ ಕಥೆ ತೆಗೆಯುತ್ತಾರೆ.

ಗೊಂಬೆ ಅಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. 1927ರ ಹಿನಾಮತ್ಸುರಿಗೆ ಅಂತ ಅಮೆರಿಕದ ಮಕ್ಕಳು, ಚರ್ಚ್‌ನವರು ಸೇರಿ ಜಪಾನಿನ ಶಾಲೆಗಳಿಗೆ 12,000ಕ್ಕೂ ಹೆಚ್ಚು ಗೊಂಬೆ ಕಳಿಸಿದರು. ಅಮೆರಿಕದಲ್ಲಿ ಜಪಾನಿಯರ ವಲಸೆ ನಿಲ್ಲಿಸಿದ ಕಾನೂನು ಬಂದು ಮೂರು ವರ್ಷವಾಗಿತ್ತು, ಎರಡೂ ಕಡೆ ಮನಸ್ಸು ಕೆಟ್ಟಿತ್ತು. ಜಪಾನಿನ ಕಡೆ ಇದನ್ನು ನಡೆಸಿಕೊಟ್ಟವರು ಶಿಬುಸಾವಾ ಎಯಿಚಿ. 2024ರಲ್ಲಿ ಬಂದ ಹೊಸ ಹತ್ತು ಸಾವಿರ ಯೆನ್ ನೋಟಿನ ಮೇಲೆ ಇರುವುದು ಅವರೇ. ಜಪಾನ್ ತಿರುಗಿ 58 ದೊಡ್ಡ ಗೊಂಬೆಗಳನ್ನು ಕಳಿಸಿತು. ಯುದ್ಧ ಬಂದಾಗ ಜಪಾನಿನಲ್ಲಿ ಅಮೆರಿಕದ ಗೊಂಬೆಗಳನ್ನು ಶತ್ರುವಿನ ಗೊಂಬೆ ಅಂತ ಹೆಚ್ಚಿನವನ್ನು ಸುಟ್ಟರು, ಒಡೆದರು. ಕೆಲವು ಶಾಲೆಗಳಲ್ಲಿ ಮಾತ್ರ ಮೇಷ್ಟ್ರುಗಳು ಬಚ್ಚಿಟ್ಟರು. ಹಾಗೆ ಉಳಿದವು ಮುನ್ನೂರು ಚಿಲ್ಲರೆ.

ಕಾಸ್‌ಪ್ಲೇ ಜಗಳ ನನಗೆ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. 2003ರಿಂದ ವಿಶ್ವ ಕಾಸ್‌ಪ್ಲೇ ಮೇಳ ನಡೆಯುವುದೇ ನಿಮ್ಮ ನಗೋಯಾದಲ್ಲಿ. ಓಸು ಬೀದಿಯ ಮೆರವಣಿಗೆ ನೋಡಿದ್ದರೆ ನಿಮ್ಮ ಹಿರಿಯರಿಗೆ ಆ ಫೋಟೊ ತೋರಿಸಿ. ಆ ಹುಡುಗರು ತಿಂಗಳುಗಟ್ಟಲೆ ಕೂತು ಬಟ್ಟೆ ಹೊಲಿಯುತ್ತಾರೆ. ನಿಮ್ಮ ಸಂಘದಲ್ಲಿ ಸೂಜಿ ಹಿಡಿಯೋಕೆ ಬರುವವರು ಅವರೊಬ್ಬರೇ ಇರಬಹುದು! ಸಾಶಿಕೊ ಹೊಲಿಗೆಯ ಮೇಜನ್ನು ಅವರಿಗೆ ಒಪ್ಪಿಸಿ. ಹರಿದ ಬಟ್ಟೆಗೆ ತೇಪೆ ಹಾಕುತ್ತಾ ಬೆಳೆದ ಹೊಲಿಗೆ ಅದು, ನಮ್ಮ ಕೌದಿಯ ಹತ್ತಿರದ ನೆಂಟ. ಹಿರಿಯರು ಬಂದು ಕನ್ನಡಕ ಏರಿಸಿ ನೋಡುತ್ತಾರೆ.

ಪತ್ರದಲ್ಲಿ ನೀವು ಕೇಳದ ಒಂದು ವಿಷಯ ಇದೆ, ನನಗೆ ಅದರದ್ದೇ ಚಿಂತೆ. ಸಂಘದಲ್ಲಿ ಮೂವರು ಜಪಾನಿಯರು ಅಂದಿರಿ. ಜಪಾನ್ ದಿನದಂದು ಅವರು ಏನು ಮಾಡುತ್ತಿರುತ್ತಾರೆ? ನನ್ನ ಊಹೆ: ಬೆಳಿಗ್ಗೆಯಿಂದ ಸಂಜೆವರೆಗೆ ಕಿಮೊನೊ ಉಟ್ಟುಕೊಂಡು, ಜನರ ಹೆಸರನ್ನು ಜಪಾನಿನ ಕತಾಕಾನ ಲಿಪಿಯಲ್ಲಿ ಬರೆದುಕೊಡುತ್ತಿರುತ್ತಾರೆ. ವರ್ಷ ವರ್ಷ ಅದೇ. ಅವರು ಇಲ್ಲ ಅನ್ನುವುದಿಲ್ಲ, ಅವರ ಅಭ್ಯಾಸ ನಿಮಗೆ ಗೊತ್ತಲ್ಲ. ಸ್ನೇಹ ಸಂಘ ಅಂತ ಬೋರ್ಡ್ ಹಾಕಿಕೊಂಡು ಆ ಮೂವರನ್ನೇ ಪ್ರದರ್ಶನದ ಸಾಮಾನು ಮಾಡಿಬಿಟ್ಟಿರುತ್ತೇವೆ. ಒಬ್ಬೊಬ್ಬರನ್ನೇ ಮನೆಗೆ ಕರೆದು ಒಂದು ಪ್ರಶ್ನೆ ಕೇಳಿ: ಇಲ್ಲಿಗೆ ಬಂದ ಮೇಲೆ ನಿಮಗೆ ಯಾವುದು ತಪ್ಪಿಹೋಗಿದೆ ಅನಿಸುತ್ತದೆ? ಉತ್ತರ ಹೊಸವರ್ಷದ ಸೋಬಾ ನೂಡಲ್ಸ್ ಇರಬಹುದು, ಶಾಲೆಯ ಆಟೋಟದ ದಿನ ಇರಬಹುದು, ಕಸ ಬೇರೆ ಮಾಡುವ ಶಿಸ್ತೂ ಇರಬಹುದು. ಅದನ್ನು ಅವರಿಗೋಸ್ಕರ ಮಾಡಿ. ಊರವರು ಬಂದು ಸೇರಿಕೊಳ್ಳಲಿ. ಕಾರ್ಯಕ್ರಮ ಆದ ವಾರದೊಳಗೆ ಹಾನ್ಸೇಕಾಯಿ ಇಡಿ. ಏನು ಸರಿ ಹೋಯಿತು, ಎಲ್ಲಿ ತಪ್ಪಿತು ಅಂತ ಕೂತು ಮಾತಾಡುವ ಆ ಸಭೆಯೂ ಜಪಾನಿನದೇ ಪದ್ಧತಿ, ಅದಕ್ಕೆ ಟಿಕೆಟ್ ಇಲ್ಲ. ಆ ಮೂವರಿಗೆ ಮೊದಲು ಮಾತು ಕೊಡಿ. ಸುಮ್ಮನಿದ್ದರೆ ಒಂದು ನಿಮಿಷ ಕಾಯಿರಿ.

ನಿಮ್ಮ ರಾಜ್ಯದಲ್ಲೇ ಕೌರಾ ಅನ್ನುವ ಊರಿದೆ. ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 300 ಕಿಲೋಮೀಟರ್. ಹೋಗಿಲ್ಲದಿದ್ದರೆ ಸಂಘದ ಎಲ್ಲರನ್ನೂ ಕರೆದುಕೊಂಡು ಹೋಗಿ ಬನ್ನಿ. ಎರಡನೇ ಮಹಾಯುದ್ಧದಲ್ಲಿ ಅಲ್ಲೊಂದು ಯುದ್ಧಕೈದಿಗಳ ಶಿಬಿರ ಇತ್ತು. 1944ರ ಆಗಸ್ಟ್ 5ರ ನಸುಕಿನಲ್ಲಿ ಸಾವಿರಕ್ಕೂ ಹೆಚ್ಚು ಜಪಾನಿ ಕೈದಿಗಳು ಬೇಲಿ ಮುರಿದು ನುಗ್ಗಿದರು. 231 ಜಪಾನಿಯರು, 4 ಆಸ್ಟ್ರೇಲಿಯನ್ ಸೈನಿಕರು ಸತ್ತರು. ಯುದ್ಧ ಮುಗಿದ ಮೇಲೆ ಆ ಜಪಾನಿಯರ ಸಮಾಧಿಗಳ ಹುಲ್ಲು ಕೀಳುತ್ತಿದ್ದವರು ಊರಿನ ಮಾಜಿ ಸೈನಿಕರು. ಅದೇ ಜಪಾನಿನ ವಿರುದ್ಧ ಹೋರಾಡಿ ಬಂದವರು. ಯಾರೂ ಅವರಿಗೆ ಮಾಡಿ ಅಂತ ಹೇಳಿರಲಿಲ್ಲ. 1964ರಲ್ಲಿ ಅಲ್ಲಿ ಜಪಾನಿ ಯುದ್ಧ ಸ್ಮಶಾನ ಆಯಿತು. ಕೆನ್ ನಾಕಾಜಿಮಾ ವಿನ್ಯಾಸ ಮಾಡಿದ ಜಪಾನಿ ತೋಟ ತೆರೆದದ್ದು 1979ರಲ್ಲಿ. ಈಗ ವರ್ಷವೂ ಸೆಪ್ಟೆಂಬರ್‌ನಲ್ಲಿ ಆ ತೋಟದಲ್ಲಿ ಸಕುರಾ ಮತ್ಸುರಿ, ಅಂದರೆ ಚೆರ್ರಿ ಹೂವಿನ ಹಬ್ಬ ನಡೆಯುತ್ತದೆ. ಹುಲ್ಲು ಕಿತ್ತದ್ದಕ್ಕೂ ಹೂವಿನ ಹಬ್ಬಕ್ಕೂ ನಡುವೆ ಎಷ್ಟು ವರ್ಷ ಇದೆ ನೋಡಿ. ನಿಮ್ಮ ಸಂಘದವರು ವರ್ಷದ ಎಲ್ಲ ಶಕ್ತಿಯನ್ನೂ ಒಂದೇ ಭಾನುವಾರಕ್ಕೆ ಸುರಿಯುತ್ತಿದ್ದಾರೆ ಅನ್ನುವುದು ನನ್ನ ಅನುಮಾನ. ಅದನ್ನು ಒಡೆದು ನಾಲ್ಕೈದು ಸಣ್ಣ ಸಂಜೆಗಳಿಗೆ ಹಂಚಿ. ಇಪ್ಪತ್ತು ಜನ ಬಂದರೂ ಸಾಕು.

ದುಡ್ಡಿನ ಮಾತು ಚಿಕ್ಕದಾಗಿ ಮುಗಿಸುತ್ತೇನೆ. ಸಿಡ್ನಿಯಲ್ಲಿ ಜಪಾನ್ ಫೌಂಡೇಶನ್ ಕಚೇರಿ ಇದೆ, ಗ್ರಂಥಾಲಯವೂ ಇದೆ. ಜಪಾನ್ ಕಾನ್ಸುಲೇಟ್‌ಗೆ ಪತ್ರ ಬರೆದು ಎರವಲು ಕೊಡುವ ಸಾಮಾನು ಏನಿದೆ ಅಂತ ಕೇಳಿ. 1987ರಲ್ಲಿ ಶುರುವಾದ ಜೆಟ್ ಯೋಜನೆಯಲ್ಲಿ ಜಪಾನಿನ ಶಾಲೆಗಳಿಗೆ ಹೋಗಿ ಇಂಗ್ಲಿಷ್ ಕಲಿಸಿ ಬಂದ ಆಸ್ಟ್ರೇಲಿಯಾದವರು ಬಹಳ. ಅಂಥವರು ಒಬ್ಬರಾದರೂ ನಿಮ್ಮ ಸುತ್ತಲಿನ ಶಾಲೆಗಳಲ್ಲಿ ಸಿಗುತ್ತಾರೆ. ಅವರನ್ನು ಹಿಡಿಯಿರಿ, ದುಡ್ಡಿಗಿಂತ ಅವರೇ ಮುಖ್ಯ. ಊಟದ ಮೇಜಿಗೆ ಏನು ಅನುಮತಿ ಬೇಕು ಅಂತ ಕೌನ್ಸಿಲ್‌ನಲ್ಲಿ ಮೊದಲೇ ವಿಚಾರಿಸಿ.

ಮೊದಲ ಸಣ್ಣ ಸಂಜೆಗೆ ನಾನು ಆರಿಸುವುದು ತಾನಾಬಾತಾ, ಜಪಾನಿನ ನಕ್ಷತ್ರ ಹಬ್ಬ. ನೇಯುವ ಹುಡುಗಿ ಒರಿಹಿಮೆ, ದನ ಕಾಯುವ ಹುಡುಗ ಹಿಕೊಬೊಶಿ. ಆಕಾಶಗಂಗೆಯ ಆಚೆ ಒಬ್ಬರು, ಈಚೆ ಒಬ್ಬರು. ವರ್ಷಕ್ಕೆ ಒಂದೇ ರಾತ್ರಿ ಭೇಟಿ. ಆಸೆಗಳನ್ನು ಬಣ್ಣದ ಚೀಟಿಯಲ್ಲಿ ಬರೆದು ಬಿದಿರಿನ ಕೊಂಬೆಗೆ ಕಟ್ಟುತ್ತಾರೆ. ಖರ್ಚು ಅಂದರೆ ಕಾಗದ, ದಾರ, ಯಾರದೋ ಹಿತ್ತಲಿನ ಬಿದಿರು.

ದಿನ ಮಾತ್ರ ಜಪಾನಿನಲ್ಲಿ ಹೆಚ್ಚಿನ ಕಡೆ ಮಾಡುವ ಜುಲೈ 7 ಬೇಡ. ಸೆಂದೈ ಊರಿನವರು ಹಳೆಯ ಪಂಚಾಂಗಕ್ಕೆ ಹತ್ತಿರವಾಗಲಿ ಅಂತ ಆಗಸ್ಟ್ 6ರಿಂದ 8ರವರೆಗೆ ಮಾಡುತ್ತಾರೆ, ನೀವೂ ಹಾಗೇ ಮಾಡಿ. ಕಾರಣ ನಿಮ್ಮ ಆಕಾಶದಲ್ಲಿದೆ. ಆ ವಾರ ರಾತ್ರಿ ಒಂಬತ್ತೂವರೆ ಹೊತ್ತಿಗೆ ಎಲ್ಲರನ್ನೂ ಹಾಲ್‌ನಿಂದ ಹೊರಗೆ ಕರೆದು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ. ದಿಗಂತದ ಮೇಲೆ ತುಂಬಾ ಕೆಳಗೆ, ಒಂದು ಗೇಣು ಎತ್ತರದಲ್ಲಿ ಹೊಳೆಯುವ ನಕ್ಷತ್ರ ಒರಿಹಿಮೆ. ನಮ್ಮ ಅಭಿಜಿತ್. ಅದಕ್ಕಿಂತ ಸಾಕಷ್ಟು ಮೇಲೆ, ಬಲಕ್ಕೆ ಇರುವುದು ಹಿಕೊಬೊಶಿ. ನಮ್ಮ ಶ್ರವಣ. ಜಪಾನಿನಲ್ಲಿ ಒರಿಹಿಮೆ ನೆತ್ತಿಯ ಹತ್ತಿರ, ಹಿಕೊಬೊಶಿ ಕೆಳಗೆ. ನಿಮ್ಮಲ್ಲಿ ತಲೆಕೆಳಗು. ಆ ಮೂವರು ಜಪಾನಿಯರಲ್ಲಿ ಯಾರಾದರೂ ಇದನ್ನು ಗಮನಿಸಿರದಿದ್ದರೆ ಅವರೇ ಎಲ್ಲರಿಗಿಂತ ಜಾಸ್ತಿ ಹೊತ್ತು ಹೊರಗೆ ನಿಲ್ಲುತ್ತಾರೆ. ಚಳಿ ಇರುತ್ತದೆ, ಅಕ್ಕಿಯ ಸಿಹಿ ಪಾನೀಯ ಅಮಜಾಕೆ ಬಿಸಿ ಬಿಸಿಯಾಗಿ ಇಟ್ಟುಕೊಂಡಿರಿ. ಕೋಜಿ ಅನ್ನುವ ಅಕ್ಕಿಯ ಹುದುಗಿನಿಂದ ಮಾಡಿದ್ದಾದರೆ ಮಕ್ಕಳೂ ಕುಡಿಯಬಹುದು. ಉತ್ತರ ದಿಕ್ಕಿಗೆ ಬೀದಿ ದೀಪ, ಎತ್ತರದ ಮರ ಇಲ್ಲದ ಜಾಗ ಯಾವುದು ಅಂತ ಹಿಂದಿನ ರಾತ್ರಿಯೇ ಹೋಗಿ ನೋಡಿಕೊಂಡು ಬನ್ನಿ.

ಮಾರನೇ ದಿನ ಆ ಚೀಟಿಗಳನ್ನು ಏನು ಮಾಡುವುದು ಅಂತ ಸಂಘದ ಯಾರಾದರೂ ಕೇಳೇ ಕೇಳುತ್ತಾರೆ. ಹಿಂದೆಲ್ಲ ಬಿದಿರಿನ ಸಮೇತ ಹೊಳೆಗೆ ಬಿಡುತ್ತಿದ್ದರು. ಈಗ ದೇವಾಲಯಗಳಲ್ಲಿ ಸುಡುವುದೂ ಉಂಟು. ನೀವು ಹೊಳೆಗೆ ಬಿಡಬೇಡಿ, ಕಸದ ಡಬ್ಬಿಗೂ ಹಾಕಬೇಡಿ. ಕೌನ್ಸಿಲ್ ಒಪ್ಪಿದರೆ ಯಾರದಾದರೂ ಹಿತ್ತಲಿನ ಒಲೆಯಲ್ಲಿ, ನಾಲ್ಕು ಜನ ಸುತ್ತ ನಿಂತು ಸುಡಿ. ಸುಡುವ ಮೊದಲು ಒಂದನ್ನೂ ಓದಬೇಡಿ.